ಬಾಗಿಲಲ್ಲಿ ನಿಂತ ಮಾವ

ಫೆಬ್ರವರಿ ೧೨

ಚಿ. ಸೋದರಸೊಸೆಗೆ,

ಎಲ್ಲರೂ ಕ್ಷೇಮವೆಂದು ಪತ್ರ ಶುರುಮಾಡುವುದು ವಾಡಿಕೆ. ಬಲಗಾಲಿಗೆ ಮೊಣಕಾಲಿನವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಹಾಲಿನ ದಿವಾನದ ಮೇಲೆ ಬಿದ್ದಿರುವ ಮನುಷ್ಯನಿಂದ ಅಂಥ ಸುಳ್ಳನ್ನು ನಿರೀಕ್ಷಿಸಬೇಡ. ನಾನು ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ನೀನು.

ಫೋನು ಮಾಡಬಹುದಿತ್ತು. ಆದರೆ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಕಾಲೇಜೊಂದರ ಪ್ರಾಂಶುಪಾಲನಾಗಿ ನಿವೃತ್ತನಾದವನಿಗೆ ಇಷ್ಟು ಗೊತ್ತಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನೂ ಬರಹದಲ್ಲೇ ಉತ್ತರಿಸತಕ್ಕದ್ದು.

ನೌಕರರ ಬಂಧುಗಳಿಗೆ ನಿಮ್ಮ ಕಂಪನಿ ಕೊಡುವ ಟಿಕೆಟಿನಲ್ಲಿ ನನ್ನನ್ನು ನಿನ್ನದೇ ವಿಮಾನಕ್ಕೆ ಹತ್ತಿಸಿದೆ. ಸಂತೋಷ. ಸನ್ಮಾನ ಮುಗಿಸಿಕೊಂಡು ಬರುತ್ತಿದ್ದ ನನಗೆ ನಿನ್ನ ಕೈಯಾರೆ ಚಹಾ ಕೊಟ್ಟೆ. ಅದೂ ಸಂತೋಷವೇ. ವಿಮಾನ ಇಳಿದು ಓಡುತ್ತಿರುವಾಗ ಎಡಗಡೆಯ ಚಕ್ರಕ್ಕೆ ಬೆಂಕಿ ಹತ್ತಿತು, ಒಳಗೆ ಹೊಗೆ ನುಗ್ಗಿತು, ಜನ ಕಿರುಚಿದರು. ಅಷ್ಟು ಜನರಲ್ಲಿ ತಲೆ ಕೆಡಿಸಿಕೊಳ್ಳದೆ ಇದ್ದವನು ನಾನೊಬ್ಬ. ಶಾಂತವಾಗಿ ಎದ್ದೆ, ಮೇಲಿನ ಗೂಡಿನಿಂದ ಚೀಲ ಇಳಿಸಿಕೊಂಡೆ, ಶಾಂತವಾಗಿಯೇ ನಡೆದು ಬಾಗಿಲಿಗೆ ಬಂದೆ. ಅಲ್ಲಿ ನೀನು ನಿಂತಿದ್ದೆ. ನಾನು ಎತ್ತಿ ಆಡಿಸಿದ ಹುಡುಗಿ ನನ್ನ ಹೆಗಲಿನ ಚೀಲ ಕಿತ್ತು ಹಿಂದಕ್ಕೆ ಎಸೆದು, "ಬಿಡು, ಹಾರು" ಎಂದು ಮನೆಯಾಳನ್ನು ಗದರುವ ಹಾಗೆ ಗದರಿ, ಬೆನ್ನಿಗೆ ಕೈಕೊಟ್ಟು ಹೊರಗೆ ನೂಕಿದಳು. ಆ ರಬ್ಬರು ಜಾರುಬಂಡೆಯ ಮೇಲೆ ನಾನು ಹೇಗೆ ಜಾರಿದೆ, ಕೆಳಗೆ ಹೇಗೆ ಬಿದ್ದೆ ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿಂತು ನೋಡಿದ. ನಕ್ಕ ಕೂಡ. ಚೀಲದಲ್ಲಿದ್ದ, ಗಾಜಿನ ಚೌಕಟ್ಟು ಹಾಕಿದ ಸನ್ಮಾನಪತ್ರ ಬೆಂಕಿ ಆರಿಸುವವರ ನೊರೆಯಲ್ಲಿ ನೆಂದು ಹಿಟ್ಟಾಗಿದೆ.

ನಿಮ್ಮ ಕಂಪನಿಗೆ ದೂರು ಕೊಟ್ಟಿದ್ದೇನೆ. ಆದರೂ ನೀನು ನಮ್ಮ ಹುಡುಗಿ. ಕೆಳಗಿನ ಮೂರು ಸಾಲನ್ನು ನಿನ್ನ ಕೈಯಲ್ಲಿ ಬರೆದು ಸಹಿ ಮಾಡಿ ಕಳಿಸಿದರೆ ದೂರನ್ನು ವಾಪಸು ತೆಗೆದುಕೊಳ್ಳುತ್ತೇನೆ. 'ನಾನು ಅನಾವಶ್ಯಕವಾಗಿ ಬಲಪ್ರಯೋಗ ಮಾಡಿದ್ದೇನೆ. ಹಿರಿಯರನ್ನು ಸಾರ್ವಜನಿಕವಾಗಿ ಅವಮಾನಿಸಿದ್ದೇನೆ. ಇದಕ್ಕಾಗಿ ಕ್ಷಮೆ ಯಾಚಿಸುತ್ತೇನೆ.'

ನಿನ್ನ ಅಪ್ಪ ತೀರಿಕೊಂಡಾಗ ನಿಮ್ಮಿಬ್ಬರಿಗೂ ಮಹಡಿಯ ಕೋಣೆ ಬಿಟ್ಟುಕೊಟ್ಟವನು ಯಾರು ಎಂಬುದನ್ನು ನೆನಪಿಸುವಷ್ಟು ಸಣ್ಣವನು ನಾನಲ್ಲ. ನಿನ್ನ ಅಮ್ಮ ಇನ್ನೂ ಅದೇ ಕೋಣೆಯಲ್ಲಿದ್ದಾಳೆ ಎಂಬುದನ್ನಷ್ಟೇ ತಿಳಿಸುತ್ತೇನೆ.

ಇಂತಿ, ಕಾಲು ಮುರಿದರೂ ನಿನ್ನ ಹಿತವನ್ನೇ ಬಯಸುವ
ಸೋದರಮಾವ


ಫೆಬ್ರವರಿ ೨೦

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಮೂರು ಸಾಲುಗಳೂ ತಲುಪಿದವು. ವ್ಯಾಕರಣ ಚೆನ್ನಾಗಿದೆ, ಸತ್ಯ ಒಂದರಲ್ಲೂ ಇಲ್ಲ. ಸಹಿ ಹಾಕುವುದಿಲ್ಲ.

ಬರೆದದ್ದು ಉಳಿಯುತ್ತದೆ ಅಂದಿರಿ. ಹಾಗಾದರೆ ಇದೂ ಉಳಿಯಲಿ. ನಾನು ಈ ಕೆಲಸಕ್ಕೆ ಸೇರಿದಾಗ ನೀವು ಬಂದವರಿಗೆಲ್ಲ 'ಆಕಾಶದಲ್ಲಿ ತಟ್ಟೆ ಎತ್ತುತ್ತಾಳೆ' ಎಂದು ಹೇಳಿ ನಗಿಸುತ್ತಿದ್ದಿರಿ. ಚಹಾ ಕೊಡುವುದು ನಮ್ಮ ಕೆಲಸವಲ್ಲ ಮಾವ. ಅದು ನಮಗೆ ಕೆಲಸವಿಲ್ಲದಾಗ ಮಾಡುವ ಕೆಲಸ. ನಮ್ಮ ಕೆಲಸ ಯಾವುದೆಂದು ನಿಮಗೆ ಮೊನ್ನೆ ಗೊತ್ತಾಗಬೇಕಿತ್ತು. ಅರ್ಧ ಬಾಗಿಲುಗಳು ಕೆಟ್ಟಿದ್ದರೂ ತುಂಬಿದ ವಿಮಾನವನ್ನು ಒಂದೂವರೆ ನಿಮಿಷದೊಳಗೆ ಖಾಲಿ ಮಾಡಬೇಕು. ಹೊಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಡುವುದಿಲ್ಲ.

ಇಳಿಯುವ ಮೊದಲು ನಾನು ಬಾಗಿಲ ಪಕ್ಕದ ಮಡಚುಕುರ್ಚಿಯಲ್ಲಿ ಪಟ್ಟಿ ಬಿಗಿದುಕೊಂಡು, ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ನೀವು ನಾಲ್ಕು ಸಾಲು ಆಚೆಯಿಂದ ಕತ್ತು ಚಾಚಿ, "ಏನೇ, ನಿದ್ದೆ ಮಾಡ್ತಿದ್ದೀಯಾ?" ಅಂದಿರಿ. ನಿದ್ದೆಯಲ್ಲ. ಪ್ರತಿ ಸಲ ಹತ್ತುವಾಗ, ಇಳಿಯುವಾಗ ನಾವು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತೇವೆ. ಏನಾದರೂ ಆದರೆ ಮೊದಲು ಯಾವ ಬಾಗಿಲು, ಹೊರಗೆ ಏನು ನೋಡಬೇಕು, ಏನೆಂದು ಕೂಗಬೇಕು, ಯಾರು ತಾವಾಗಿ ಏಳಲಾರರು. ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ಈ ಕೆಲಸ ಕೊಡುವುದಿಲ್ಲ.

ಚಕ್ರಕ್ಕೆ ಬೆಂಕಿ ಹತ್ತಿದಾಗ ನಾನು ಬಾಗಿಲಿನ ಸಣ್ಣ ಗಾಜಿನಲ್ಲಿ ಇಣುಕಿದೆ. ಎಡಗಡೆ ಕೆಂಪು. ಆ ಬಾಗಿಲು ತೆರೆದರೆ ಬೆಂಕಿಯನ್ನು ಒಳಗೆ ಕರೆದಂತೆ. ಬಲಗಡೆಯದನ್ನು ತೆರೆದೆ, ಜಾರುಬಂಡೆ ಉಬ್ಬಿತು, ಗೋಡೆಯ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಜನರನ್ನು ದಾಟಿಸತೊಡಗಿದೆ. ಆ ಜಾರುಬಂಡೆ ಗಾಳಿ ತುಂಬಿದ ಚೀಲ ಮಾವ. ಗಾಜಿನ ಚೌಕಟ್ಟಿನ ಮೂಲೆ ತಾಗಿ ಹರಿದರೆ ಹಿಂದಿನವರೆಲ್ಲ ಒಳಗೇ. ನಿಮ್ಮ ಸನ್ಮಾನಕ್ಕಾಗಿ ಜನ ಚಪ್ಪಾಳೆ ತಟ್ಟಿದರೆ ಸಾಕು, ಸಾಯಬೇಕಾಗಿಲ್ಲ.

ಶಾಂತವಾಗಿದ್ದವನು ನಾನೊಬ್ಬನೇ ಅಂದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮಂಥ ಶಾಂತಮೂರ್ತಿಗಳು ಇನ್ನೂ ಇದ್ದರು. ಒಬ್ಬ ಮೊಬೈಲು ಎತ್ತಿ ಹಿಡಿದು ಬೆಂಕಿಯ ಜೊತೆ ತನ್ನ ಮುಖವೂ ಬರುವಂತೆ ಚಿತ್ರ ತೆಗೆಯುತ್ತಿದ್ದ. ಒಬ್ಬಾಕೆ ಸೀಟಿನ ಕೆಳಗೆ ಬಗ್ಗಿ ಇನ್ನೊಂದು ಚಪ್ಪಲಿ ಹುಡುಕುತ್ತಿದ್ದಳು. ಒಬ್ಬ ಮಹಾನುಭಾವ ಬಾಗಿಲವರೆಗೆ ಬಂದು, ಮುಂದಿನ ವಿಮಾನ ತನಗಾಗಿ ಕಾಯುತ್ತದೆಯೇ ಎಂದು ವಿಚಾರಿಸಿದ. ಮನುಷ್ಯರು ಅಪಾಯದಲ್ಲಿ ಹೆದರಿ ಸಾಯುತ್ತಾರೆ ಎಂದು ಹೇಳುತ್ತಾರಲ್ಲ, ಸುಳ್ಳು. ಹೆದರದೆ ಸಾಯುತ್ತಾರೆ. ಹೆದರಿದವನನ್ನು ನಾನು ದಾಟಿಸಬಲ್ಲೆ. ತನಗೆ ಏನೂ ಆಗುವುದಿಲ್ಲ ಅಂದುಕೊಂಡವನದ್ದೇ ತಲೆನೋವು.

ಗದರಿದ ಬಗ್ಗೆ. 'ದಯವಿಟ್ಟು' ಅಂದರೆ ಜನ ನಿಂತು ಕೇಳುತ್ತಾರೆ, ಉತ್ತರ ಕೊಡುತ್ತಾರೆ. ಅದಕ್ಕೇ ಎರಡೇ ಪದ ಕಲಿಸುತ್ತಾರೆ. ಅವನ್ನು ಗಂಟಲು ಹರಿಯುವಂತೆ ಕೂಗಲು ಕಲಿಸುತ್ತಾರೆ.

ಇನ್ನು ಕಾಲು. ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು ಹಾರಿದ್ದರೆ ಮುರಿಯುತ್ತಿರಲಿಲ್ಲ. ನೀವು ಅರ್ಧ ದಾರಿಯಲ್ಲಿ ತಿರುಗಿ ಚೀಲಕ್ಕೆ ಕೈ ಚಾಚಿದಿರಿ. ಹೊರಡುವ ಮೊದಲು ನಾನು ಇದನ್ನೆಲ್ಲ ನಿಂತು ತೋರಿಸಿದ್ದೆ. ಆಗ ನಿಮ್ಮ ಮುಖದ ಮುಂದೆ ಪತ್ರಿಕೆ ಇತ್ತು.

ಬೇಗ ಗುಣವಾಗಿ.

ಇಂತಿ,
ತಟ್ಟೆ ಎತ್ತುವವಳು


ಮಾರ್ಚ್ ೨

ಪ್ರೀತಿಯ ಗುಬ್ಬಿ,

ಮಧ್ಯಾಹ್ನ ಅಣ್ಣ ಮಲಗಿದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಅವನ ಕಿವಿ ನೆಟ್ಟಗಾಗುತ್ತದೆ. ನಾನು ಏನು ಹೇಳಿದೆ, ನೀನು ಏನು ಹೇಳಿರಬಹುದು, ಎರಡನ್ನೂ ಸಂಜೆ ಬಂದವರ ಮುಂದೆ ಅವನೇ ಹೇಳುತ್ತಾನೆ.

ಬರುವವರಿಗೇನೂ ಕಡಿಮೆಯಿಲ್ಲ. ದಿವಾನದ ಮೇಲೆ ದಿಂಬಿಗೊರಗಿ ಕೂತು, ಪ್ಲಾಸ್ಟರ್ ಹಾಕಿದ ಕಾಲನ್ನು ಎಲ್ಲರಿಗೂ ಕಾಣುವಂತೆ ಚಾಚಿ, ಕಥೆ ಹೇಳುತ್ತಾನೆ. ಮೊದಲ ವಾರ ಅವನನ್ನು ನೂಕಿದರು. ಎರಡನೆಯ ವಾರ ಅವನೇ ಬಾಗಿಲಲ್ಲಿ ನಿಂತು ಹೆಂಗಸರು ಮಕ್ಕಳನ್ನು ಮುಂದೆ ಬಿಟ್ಟ. ಈಗ ಪೈಲಟ್ ಇಳಿದ ಮೇಲೆ ಕೊನೆಯಲ್ಲಿ ಇಳಿದವನು ಅವನು. ಇನ್ನೊಂದು ವಾರ ಬಿಟ್ಟರೆ ವಿಮಾನವನ್ನೂ ಅವನೇ ಇಳಿಸುತ್ತಾನೆ. ಕೇಳುವವರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ನಾನು ಚಹಾ ತಂದಿಡುತ್ತೇನೆ, ಲೋಟ ತೆಗೆಯುತ್ತೇನೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದನ್ನು ಗಾದೆಯಲ್ಲಿ ಕೇಳಿದ್ದೆ, ಈಗ ದಿನಾ ಕಣ್ಣಲ್ಲಿ ನೋಡುತ್ತಿದ್ದೇನೆ.

ನಿನ್ನ ಪತ್ರವನ್ನು ಅವನು ಎರಡು ಸಲ ಓದಿದ. ಮೂಗು ಕೆಂಪಾಯಿತು. ಊಟ ಮಾಡಲಿಲ್ಲ, ಆಮೇಲೆ ಮಾಡಿದ. ಮಹಡಿಯ ಕೋಣೆಗೆ ಒಳ್ಳೆಯ ಬಾಡಿಗೆದಾರರು ಸಿಗುತ್ತಾರೆ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದ. ನಾನು ಬೇಳೆ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ.

ಗುಬ್ಬಿ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಮೂರು ಸಾಲು ತಾನೇ. ಬರೆದು ಬಿಸಾಕಬಾರದೇ? ಅವನಿಗೆ ಬೇಕಾಗಿರುವುದು ಕಾಗದ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಸುಮ್ಮನಾಗುತ್ತಾನೆ. ಈ ವಯಸ್ಸಿನಲ್ಲಿ ನಾನು ಪಾತ್ರೆಪಡಗ ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ನಿನ್ನದು ಒಂದೇ ಕೋಣೆ, ಅದರಲ್ಲಿ ನೀನೇ ವಾರಕ್ಕೆ ಎರಡು ದಿನ ಇರುತ್ತೀಯ.

ಇನ್ನೊಂದು. ಅವನ ಕಥೆ ದಿನಕ್ಕೊಂದು ಥರ ಬದಲಾಗುತ್ತದೆ, ಒಂದು ಮಾತು ಮಾತ್ರ ಬದಲಾಗುವುದಿಲ್ಲ. "ನನ್ನನ್ನ ನೋಡಿದ ತಕ್ಷಣ ಮೊದಲು ಕೈ ಇಳಿಸಿ ಪಕ್ಕಕ್ಕೆ ನಿಂತ್ಲು, ಆಮೇಲೆ ಏನಾಯ್ತೋ ಗೊತ್ತಿಲ್ಲ, ನೂಕಿದ್ಲು" ಅಂತಾನೆ. ಸುಳ್ಳು ಹೇಳುವಾಗ ಅವನು ಮೇಲೆ ನೋಡುತ್ತಾನೆ. ಇದನ್ನು ಹೇಳುವಾಗ ಕಾಲಿನ ಕಡೆ ನೋಡುತ್ತಾನೆ. ಹಾಗೇನಾದರೂ ಆಯಿತೇನೆ?

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ


ಮಾರ್ಚ್ ೧೧

ಅಮ್ಮಾ,

ನೀನು ಹೇಳಿದ್ದನ್ನೇ ಇಲ್ಲಿ ನಮ್ಮ ಮ್ಯಾನೇಜರೂ ಹೇಳಿದ. ಪ್ರಯಾಣಿಕರ ದೂರುಗಳನ್ನು ನೋಡಿಕೊಳ್ಳುವವನು. ಅವನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಗಿಡ ಇದೆ, ಅದಕ್ಕೆ ದಿನಾ ಬಟ್ಟೆಯಲ್ಲಿ ಧೂಳು ಒರೆಸುತ್ತಾನೆ. ಜೀವವಿರುವ ಯಾವುದನ್ನೂ ಅವನ ಕೈಗೆ ಕೊಡದಿರುವುದು ಕಂಪನಿಯ ಪುಣ್ಯ. ಒರೆಸುತ್ತಲೇ, "ಒಂದು ಸಾರಿ ಬರ್ಕೊಟ್ಬಿಡಿ ಮೇಡಂ, ನಿಮ್ಮ ಮಾವನವರೇ ಅಲ್ವಾ, ಮನೆ ವಿಷ್ಯ" ಅಂದ. ವಿಮಾನಕ್ಕೆ ಬೆಂಕಿ ಹತ್ತಿದ್ದು ಯಾರ ಮನೆ ವಿಷಯ ಎಂದು ಕೇಳಿದೆ. ನಕ್ಕ. ಅವನಿಗೆ ಎಲ್ಲದಕ್ಕೂ ಒಂದೇ ನಗು.

ಯಾಕೆ ಬರೆಯುವುದಿಲ್ಲ ಅಂದರೆ ಕೇಳು. ತಿಂಗಳಲ್ಲಿ ಒಂದು ವಾರ ನಾನು ಹೊಸಬರಿಗೆ ಕಲಿಸುತ್ತೇನೆ, ನಿನಗೆ ಗೊತ್ತು. ಶೆಡ್ಡಿನಲ್ಲಿ ರೆಕ್ಕೆಯಿಲ್ಲದ ಒಂದು ಅರ್ಧ ವಿಮಾನ ನಿಲ್ಲಿಸಿದ್ದಾರೆ. ಯಂತ್ರದಿಂದ ಹೊಗೆ ಬಿಡುತ್ತಾರೆ, ದೀಪ ಆರಿಸುತ್ತಾರೆ, ನಾವು ಪ್ರಯಾಣಿಕರಂತೆ ನಟಿಸುತ್ತೇವೆ. ಹೊಸ ಹುಡುಗಿಯರು ಮೊದಲ ದಿನ ನಾಚಿಕೊಂಡು ಪಿಸುಗುಟ್ಟುವ ಹಾಗೆ ಕೂಗುತ್ತಾರೆ. ಮನೆಯಲ್ಲಿ ಜೋರಾಗಿ ಮಾತಾಡಬೇಡ ಅಂತ ಬೆಳೆಸಿದ ಮಕ್ಕಳು. ಬಾಗಿಲಲ್ಲಿ ನಿಂತು ಹಿಂಜರಿಯುವವನ ಬೆನ್ನಿಗೆ ಕೈ ಹಾಕಲು ಅವರಿಗೆ ಭಯ. ಆ ಭಯ ಬಿಡಿಸಲು ನನಗೆ ವಾರ ಹಿಡಿಯುತ್ತದೆ. ನೂಕಿದ್ದು ತಪ್ಪು ಎಂದು ನಾನೇ ಸಹಿ ಹಾಕಿದರೆ ಆ ಸುದ್ದಿ ಶೆಡ್ಡಿಗೆ ಸಂಜೆಯೊಳಗೆ ಬರುತ್ತದೆ. ಮುಂದಿನ ಸಲ ಯಾವುದೋ ಬಾಗಿಲಲ್ಲಿ ಯಾವುದೋ ಹುಡುಗಿ, ಈ ಮನುಷ್ಯ ದೊಡ್ಡವನೋ, ದೂರು ಕೊಡುವವನೋ ಎಂದು ಮುಖ ನೋಡುತ್ತಾಳೆ. ಮುಖ ನೋಡುವಷ್ಟರಲ್ಲಿ ಹಿಂದಿನವನು ಬೀಳುತ್ತಾನೆ.

ಆ ದಿನ ಸತ್ತವರು ಯಾರೂ ಇಲ್ಲ. ಒಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದಾರೆ, ಹೊಗೆ ಕುಡಿದು. ಶಾಲೆಯ ಟೀಚರ್.

ಬೆಂಕಿಯ ದಿನ ನಡೆದದ್ದೆಲ್ಲದರ ಬಗ್ಗೆ ಕಂಪನಿ ವಿಚಾರಣೆ ಇಟ್ಟಿದೆ. ಮುಂದಿನ ತಿಂಗಳು ಇರಬಹುದು. ನಿನ್ನ ಕೋಣೆಯ ಬಗ್ಗೆ ಚಿಂತೆ ಮಾಡಬೇಡ. ನಿನ್ನನ್ನು ಹೊರಗೆ ಹಾಕಿದರೆ ಮಾವನಿಗೆ ಚಹಾ ಯಾರು ಮಾಡಿಕೊಡುತ್ತಾರೆ? ಅವರಿಗೆ ಒಲೆ ಹಚ್ಚಲು ಬರುವುದಿಲ್ಲ ಅಂತ ನನಗೂ ಗೊತ್ತು, ನಿನಗೂ ಗೊತ್ತು.

ನಿನ್ನ ಕೊನೆಯ ಪ್ರಶ್ನೆ ಓದಿದೆ. ಅದಕ್ಕೆ ಇನ್ನೊಂದು ಸಲ ಬರೆಯುತ್ತೇನೆ.

ನಿನ್ನ
ಗುಬ್ಬಿ


ಏಪ್ರಿಲ್ ೩

ಚಿ. ಸೋದರಸೊಸೆಗೆ ಆಶೀರ್ವಾದಗಳು.

ನಿಮ್ಮ ಕಂಪನಿಯಿಂದ ನನಗೆ ಉತ್ತರ ಬಂದಿದೆ. ನೀನು ನನ್ನನ್ನು ನೂಕಿದ್ದು ನಿಯಮದ ಪ್ರಕಾರ ಸರಿಯಂತೆ. ಇರಲಿ. ನಿಯಮ ಮಾಡಿದವರಿಗೆ ಸೋದರಮಾವ ಇರಲಿಕ್ಕಿಲ್ಲ. ದೂರನ್ನು ನಾನಾಗಿಯೇ ಮುಂದುವರಿಸಬಾರದೆಂದು ಮೊದಲೇ ತೀರ್ಮಾನಿಸಿದ್ದೆ ಎಂಬುದನ್ನು ಇಲ್ಲಿಗೆ ಬರುವವರಿಗೆಲ್ಲ ತಿಳಿಸಿದ್ದೇನೆ.

ವಿಚಾರಣೆಯಲ್ಲಿ ನನ್ನ ಹೇಳಿಕೆ ಬೇಕೆಂದು ಕೇಳಿದ್ದಾರೆ. ಬಂದು ಹೇಳುತ್ತೇನೆ, ನಿನ್ನ ಪರವಾಗಿಯೇ ಹೇಳುತ್ತೇನೆ. ನಿನ್ನ ಪತ್ರದ ಧಾಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಈ ಹುಡುಗಿ ಸಂಸ್ಕಾರವಂತೆ ಎಂದೇ ನನ್ನ ಮಾತು ಶುರುವಾಗುತ್ತದೆ. ನೀನು ಬರೆಯದೆ ಬಿಟ್ಟದ್ದನ್ನು ನಾನು ಮರೆತಿಲ್ಲ. ನಾನು ಬಾಗಿಲಿಗೆ ಬಂದೊಡನೆ ನೀನು ಕೂಗು ನಿಲ್ಲಿಸಿದೆ. ಕೈ ಇಳಿಸಿದೆ. ಹಿಂದೆ ಸರಿದು "ಮಾವ, ಬನ್ನಿ" ಅಂದೆ. ಚೀಲ ಬಿಡಿ ಎಂದು ಕೇಳಿಕೊಂಡೆ. ಅದರಲ್ಲಿ ಏನಿದೆ, ಯಾವ ಸಂಸ್ಥೆಯವರು ಕೊಟ್ಟದ್ದು ಎಂಬುದನ್ನು ನಾನು ವಿವರಿಸಿದಾಗ ನಡುವೆ ಬಾಯಿ ಹಾಕದೆ ಕೇಳಿದೆ. ಹಿಂದಿನ ಹೆಂಗಸು ಕೆಮ್ಮುತ್ತಾ ನನ್ನ ಬೆನ್ನು ಗುದ್ದುತ್ತಿದ್ದಳು. ಸರದಿ ಎಂದರೇನು ಎಂಬುದನ್ನು ಅವಳಿಗೂ ತಿಳಿಸಿ ಹೇಳಿದೆ. ನೀನು ನನಗಾಗಿ ಕಾದೆ. ಬೆಂಕಿಯ ನಡುವೆಯೂ ಹಿರಿಯರಿಗೆ ಕೊಡಬೇಕಾದ್ದನ್ನು ಕೊಟ್ಟೆ. ಆಮೇಲೆ ನೂಕಿದ್ದು ಗಾಬರಿಯಿಂದ. ಇದನ್ನು ಅವರ ಮುಂದೆ ಹೇಳಿದರೆ ನಿನ್ನ ಬಗ್ಗೆ ಅವರಿಗಿರುವ ಅಭಿಪ್ರಾಯವೇ ಬದಲಾಗುತ್ತದೆ.

ಪ್ರತಿಯಾಗಿ ನಾನು ಕೇಳುವುದು ಇಷ್ಟೇ. ಮನೆಗೆ ಬಂದು ಬಂಧುಗಳ ಮುಂದೆ ಒಂದು ಮಾತು ಕ್ಷಮೆ ಕೇಳು. ನಿನ್ನ ಅಮ್ಮನೂ ನೆಮ್ಮದಿಯಾಗಿ ಮಹಡಿಯಲ್ಲಿರಬಹುದು. ಇಲ್ಲವಾದರೆ ಮೇ ತಿಂಗಳಿನಿಂದ ಬೇರೆ ಏರ್ಪಾಟು ನೋಡಿಕೊಳ್ಳಬೇಕಾಗುತ್ತದೆ.

ಪ್ರಯಾಣಕ್ಕೆ ಟಿಕೆಟ್ ಕಳಿಸು. ಕಾಲು ಚಾಚಬೇಕಾದ್ದರಿಂದ ಬಾಗಿಲ ಪಕ್ಕದ ಅಗಲ ಜಾಗದ ಸೀಟೇ ಆಗಬೇಕು.

ಇಂತಿ, ಹಳೆಯದನ್ನು ಮರೆತ
ಸೋದರಮಾವ


ಏಪ್ರಿಲ್ ೯

ಪೂಜ್ಯ ಮಾವನವರಿಗೆ,

ಬಾಗಿಲ ಪಕ್ಕದ ಸೀಟಿನಲ್ಲಿ ಕೂರುವವರನ್ನು ನಾವು ಒಂದು ಪ್ರಶ್ನೆ ಕೇಳುತ್ತೇವೆ. ಅಪಾಯ ಬಂದರೆ ಬಾಗಿಲು ತೆರೆದು, ಬೇರೆಯವರು ಹೊರಗೆ ಹೋಗಲು ನೆರವಾಗುತ್ತೀರಾ? ಆಗುವುದಿಲ್ಲ ಅನ್ನುವವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುತ್ತೇವೆ. ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಆ ಸೀಟು ಕೊಡುವುದಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ನಿಮಗೆ ಕೊಡುವುದಿಲ್ಲ.

ಟಿಕೆಟ್ ಕಳಿಸುತ್ತಿಲ್ಲ. ನೀವು ಬಂದು ಹೇಳಬೇಕೆಂದಿರುವುದನ್ನು ನಾನೇ ಹೇಳುತ್ತೇನೆ. ಒಂದಕ್ಷರವೂ ಬಿಡುವುದಿಲ್ಲ. ನಿಮ್ಮ ಪತ್ರವನ್ನೂ ಅವರಿಗೆ ಕೊಡುತ್ತೇನೆ. ಬರೆದದ್ದು ಉಳಿಯುತ್ತದೆ ಅನ್ನುವವರು ಇನ್ನೊಂದು ಸಲ ಯೋಚಿಸಿ ಬರೆಯಬೇಕು.

ಕ್ಷಮೆ ಕೇಳಲು ಬರುವುದಿಲ್ಲ. ನಾನು ಯಾರ ಕ್ಷಮೆ ಕೇಳಬೇಕೋ ಅವರು ಬೇರೆ.

ಇಂತಿ,
ಸೊಸೆ


ಏಪ್ರಿಲ್ ೨೮

ಅಮ್ಮಾ,

ವಿಚಾರಣೆ ಮುಗಿಯಿತು. ನಿನ್ನ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ. ಹೌದು, ಹಾಗೇ ಆಯಿತು. ಮಾವ ಜೀವಮಾನದಲ್ಲಿ ಹೇಳಿದ ಒಂದೇ ಒಂದು ನಿಜ ಅದು.

ಅವರಿಗಿಂತ ಮುಂಚೆ ಎಷ್ಟೋ ಜನರನ್ನು ದಾಟಿಸಿದ್ದೆ. ಅವರಲ್ಲಿ ಮುದುಕರಿದ್ದರು, ದಪ್ಪನೆಯವರಿದ್ದರು, ಅಳುವವರಿದ್ದರು. ಯಾರ ಮುಖವನ್ನೂ ನೋಡಲಿಲ್ಲ, ಭುಜ ಮಾತ್ರ ನೋಡಿದೆ. ಆಮೇಲೆ ಹೊಗೆ ಕರಿಯಾಯಿತು, ಅದರೊಳಗಿಂದ ಮಾವನ ಮುಖ ಬಂತು. ಹಾಲಿಗೆ ಬರುವಾಗ ಇರುತ್ತದಲ್ಲ, ಅದೇ ಮುಖ, ಅದೇ ಗತ್ತು. ನನ್ನ ಬಾಯಿ ಮುಚ್ಚಿತು. ಕೈ ತಾನಾಗಿ ಕೆಳಗೆ ಬಂತು. ಕಾಲು ಹಿಂದೆ ಸರಿಯಿತು. "ಮಾವ, ಬನ್ನಿ, ಚೀಲ ಬಿಡಿ" ಅಂದೆ. ಚಹಾ ಬೇಕೇ ಅಂತ ಕೇಳುವ ದನಿಯಲ್ಲಿ ಅಂದೆ. ಅವರು ಸನ್ಮಾನಪತ್ರದ ಬಗ್ಗೆ ಹೇಳತೊಡಗಿದರು. ನಾನು ಕೇಳಿಸಿಕೊಂಡೆ ಅಮ್ಮಾ. ನಿಂತು ಕೇಳಿಸಿಕೊಂಡೆ. ಅವರ ಹಿಂದೆ ಒಬ್ಬ ಹೆಂಗಸು ಕೆಮ್ಮುತ್ತಾ ಕುಸಿದದ್ದು ಕಂಡಾಗ ನನಗೆ ಎಚ್ಚರವಾಯಿತು. ಆಮೇಲಿನದ್ದೆಲ್ಲ ನಿನಗೆ ಗೊತ್ತಿದೆ. ಆ ಹೆಂಗಸೇ ಟೀಚರ್. ಅವರನ್ನು ಎಳೆದುಕೊಂಡು ಹೊರಗೆ ಹಾಕಿದೆ.

ವಿಚಾರಣೆಯವರಿಗೆ ಇದು ಗೊತ್ತಿರಲಿಲ್ಲ. ನೂಕಿದ್ದು ಸರಿ ಎಂದು ಬರೆದುಕೊಂಡು, ಫೈಲು ಮುಚ್ಚಿ ಚಹಾ ತರಿಸಲು ಹೊರಟಿದ್ದರು. ನೂಕಿದ್ದು ತಪ್ಪಲ್ಲ, ಅದಕ್ಕೆ ಮೊದಲು ನಿಂತದ್ದು ತಪ್ಪು ಎಂದು ನಾನೇ ಹೇಳಿದೆ. ಪ್ಲಾಸ್ಟಿಕ್ ಗಿಡದವನು ಮುಖ ಸಿಂಡರಿಸಿದ. ಮುಗಿದ ಕೆಲಸ ಮತ್ತೆ ಶುರುವಾದರೆ ಅವನಿಗೆ ಹೊಟ್ಟೆನೋವು. ಈಗ ನನ್ನ ಕಾವಲಿಗೆ ಯಾವ ಬಾಗಿಲೂ ಇಲ್ಲ. ಹಿರಿಯಳು ಅನ್ನುವ ಬಿಲ್ಲೆ ತೆಗೆದುಕೊಂಡರು. ನಾನು ಕಲಿಸುತ್ತಿದ್ದ ಶೆಡ್ಡಿನಲ್ಲೇ ಹೊಸಬರ ಸಾಲಿನಲ್ಲಿ ಕೂತು ಮೊದಲಿನಿಂದ ಕಲಿಯಬೇಕು. ಸರಿಯಾಗಿಯೇ ಮಾಡಿದರು.

ಟೀಚರ್ ಅವರನ್ನು ನೋಡಲು ಹೋಗಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಗಂಟಲಿನಿಂದ ದನಿ ಹೊರಡುವುದಿಲ್ಲ, ಪಾಠ ಮಾಡಲು ಇನ್ನು ಆಗುತ್ತದೋ ಇಲ್ಲವೋ ವೈದ್ಯರು ಹೇಳುತ್ತಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಕ್ಷಮಿಸಿ ಅಂದೆ.

"ಅವರು ನಿಮಗೆ ಏನಾಗ್ಬೇಕು?" ಅಂತ ಪಿಸುದನಿಯಲ್ಲಿ ಕೇಳಿದರು.

"ಸೋದರಮಾವ" ಅಂದೆ.

"ಸರಿ. ನಾನು ನಿಮಗೆ ಏನೂ ಆಗ್ಬೇಕಾಗಿರ್ಲಿಲ್ಲ" ಅಂದರು. ಆಮೇಲೆ ಗೋಡೆಯ ಕಡೆ ತಿರುಗಿದರು.

ಇಷ್ಟು ದಿನ ಮೊಬೈಲಿನವನನ್ನು, ಚಪ್ಪಲಿಯವಳನ್ನು, ಮ್ಯಾನೇಜರನ್ನು, ಮಾವನನ್ನು ಹೀಯಾಳಿಸಿ ಬರೆದೆನಲ್ಲ. ಅವರೆಲ್ಲ ಮೂರ್ಖರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಯಾರೂ ಆ ಬಾಗಿಲಿಗೆ ಕಾವಲು ನಿಂತಿರಲಿಲ್ಲ. ನಾನು ನಿಂತಿದ್ದೆ. ಇದನ್ನು ಬರೆಯದೆ ಇರಲಿಕ್ಕೆ ಅವರನ್ನೆಲ್ಲ ಬೈದೆ. ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಒಂದೇ ಅರ್ಥವಾಗುವುದಿಲ್ಲ. ಇಷ್ಟು ವರ್ಷ ಕಲಿತದ್ದು, ಪ್ರತಿ ಸಲ ಇಳಿಯುವಾಗ ಮನಸ್ಸಿನಲ್ಲಿ ಹೇಳಿಕೊಂಡದ್ದು ಎಲ್ಲ ಇದ್ದೂ ಆ ಮುಖ ಕಂಡಾಗ ಕಾಲು ಹಿಂದೆ ಹೋಯಿತು. ಯಾರು ಕಲಿಸಿದರು ಅದನ್ನು? ಶೆಡ್ಡಿನಲ್ಲಂತೂ ಕಲಿಸಲಿಲ್ಲ.

ಮೇ ತಿಂಗಳು ಬಂತು. ಕೋಣೆಯ ವಿಷಯ ಏನಾಯಿತು? ಬಾ ಇಲ್ಲಿಗೆ. ಚಿಕ್ಕದಾದರೂ ನಮ್ಮದೇ.

ನಿನ್ನ
ಗುಬ್ಬಿ


ಮೇ ೬

ಗುಬ್ಬಿ,

ಯಾರು ಕಲಿಸಿದರು ಅಂತ ಕೇಳಿದ್ದೀಯ. ನಾನು ಕಲಿಸಿದೆ.

ಈ ಮನೆಯಲ್ಲಿ ಹಾಲಿಗೂ ಅಡುಗೆಮನೆಗೂ ನಡುವೆ ಇರುವ ಓಣಿಯಂಥ ಜಾಗ ನೆನಪಿದೆಯಲ್ಲ, ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಹೋಗಬೇಕು. ಅಣ್ಣನ ಚಪ್ಪಲಿ ಸದ್ದು ಕೇಳಿದರೆ ಹಿಂದೆ ಹೋಗುತ್ತಿದ್ದವಳು ನಾನು. ಕೈಯಲ್ಲಿ ಬಿಸಿನೀರಿನ ಪಾತ್ರೆ ಇದ್ದರೂ ಹಿಂದೆ. ನಾವು ಈ ಮನೆಗೆ ಬಂದಾಗ ನೀನು ಇನ್ನೂ ಸಣ್ಣವಳು, ಓಡಿಬಂದು ಅವನಿಗೆ ಡಿಕ್ಕಿ ಹೊಡೆಯುತ್ತಿದ್ದೆ. ನಾನು ನಿನ್ನ ರಟ್ಟೆ ಹಿಡಿದು ಎಳೆದು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದೆ. ನೀನು ಮರೆತರೆ ಚಿವುಟುತ್ತಿದ್ದೆ. ನಿನಗೇ ಅಭ್ಯಾಸವಾಗುವವರೆಗೂ ಚಿವುಟಿದೆ. ಕೊನೆಗೆ ಅವನು ಬರುವ ಮೊದಲೇ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ, ಉಸಿರು ಹಿಡಿದು. ಬಂದವರು ನಿನ್ನನ್ನು ನೋಡಿ ಎಷ್ಟು ಜಾಣೆ ಅನ್ನುತ್ತಿದ್ದರು. ನನಗೂ ಹೆಮ್ಮೆ. ಹಂಗಿನಲ್ಲಿರುವವರು ಮಕ್ಕಳಿಗೆ ಮೊದಲು ಕಲಿಸುವ ಪಾಠ ಅದು. ನಿಮ್ಮ ಶೆಡ್ಡಿನವರು ಒಂದು ವಾರದಲ್ಲಿ ಅದನ್ನು ಬಿಡಿಸಲು ಹೇಗಾಗುತ್ತದೆ? ನಾನು ವರ್ಷಗಟ್ಟಲೆ ಕಲಿಸಿದ್ದೆ.

ಟೀಚರ್ ಅವರ ಮನೆಗೆ ನನ್ನನ್ನೂ ಕರೆದುಕೊಂಡು ಹೋಗು. ಅವರು ಮಾತಾಡದಿದ್ದರೂ ಪರವಾಗಿಲ್ಲ. ಕ್ಷಮೆ ಕೇಳಬೇಕಾದ್ದು ನಿನಗಿಂತ ಮೊದಲು ನಾನು.

ನಿನ್ನ ಬಿಲ್ಲೆ ಕಿತ್ತುಕೊಂಡ ಸುದ್ದಿ ಇಲ್ಲಿಗೂ ಬಂತು. ಅಣ್ಣನಿಗೆ ಹಬ್ಬವಾಯಿತು. ಹಿರಿಯರಿಗೆ ಮರ್ಯಾದೆ ಕೊಟ್ಟದ್ದಕ್ಕೆ ಶಿಕ್ಷೆ ಕೊಡುವ ಕಾಲ ಬಂತು ನೋಡಿ ಎಂದು ಬಂದವರ ಮುಂದೆಲ್ಲ ನಿಟ್ಟುಸಿರು ಬಿಟ್ಟ. ಟೀಚರ್ ವಿಷಯ ನಾನು ಹೇಳಿದೆ, ಎಲ್ಲರ ಎದುರೇ ಹೇಳಿದೆ. ಅವನು, "ಆ ಹೆಂಗಸಿಗೆ ತಾಳ್ಮೆ ಇರ್ಲಿಲ್ಲ" ಅಂದ. ಗುಬ್ಬಿ, ಜೀವಮಾನವೆಲ್ಲ ನಾನು ಇವನಿಗೆ ಹೆದರಿದೆ. ಆ ಮಾತು ಕೇಳಿದ ಮೇಲೆ ಹೆದರಿಕೆ ಹೋಯಿತು. ಅದರ ಜಾಗದಲ್ಲಿ ಏನು ಬಂತೋ ಅದನ್ನು ಅಣ್ಣನ ಬಗ್ಗೆ ಬರೆಯಬಾರದು.

ಭಾನುವಾರ ಹೊರಡುತ್ತೇನೆ ಎಂದು ಅವನಿಗೆ ಹೇಳಿದೆ. ಒಳ್ಳೆಯದು, ಮಹಡಿ ಖಾಲಿಯಾಗುತ್ತದೆ ಅಂದ. ಸ್ವಲ್ಪ ಹೊತ್ತು ಬಿಟ್ಟು, ಸೋಮವಾರದಿಂದ ಅಡುಗೆಗೆ ಏನು ಮಾಡುವುದು ಎಂದು ಕೇಳಿದ. ನನ್ನನ್ನಲ್ಲ, ಗೋಡೆಯನ್ನು. ಗೋಡೆ ಏನೂ ಹೇಳಲಿಲ್ಲ.

ಪ್ಲಾಸ್ಟರ್ ಬಿಚ್ಚಿದ್ದಾರೆ, ಕೋಲು ಹಿಡಿದು ನಡೆಯುತ್ತಾನೆ, ಚೆನ್ನಾಗಿಯೇ ನಡೆಯುತ್ತಾನೆ. ಇವತ್ತು ಬೆಳಿಗ್ಗೆ ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಟಿದ್ದೆ. ಅವನು ಹಾಲಿನ ಕಡೆಯಿಂದ ಬಂದ. ಆ ಓಣಿಯ ಮಧ್ಯದಲ್ಲಿ ಎದುರಾದೆವು. ನಾನು ನಿಂತೆ. ಅವನೂ ನಿಂತ, ಇವಳಿಗೆ ಕಾಣಿಸಲಿಲ್ಲವೇನೋ ಅನ್ನುವ ಹಾಗೆ ಕೋಲನ್ನು ನೆಲಕ್ಕೆ ಕುಟ್ಟಿದ.

"ದಾರಿ ಬಿಡು" ಅಂದ.

"ನೀನು ಹಿಂದೆ ಹೋಗು ಅಣ್ಣ" ಅಂದೆ.

ಚಹಾ ತಟ್ಟೆಗೆಲ್ಲ ಚೆಲ್ಲಿತು. ಅವನು ನನ್ನ ಮುಖವನ್ನೇ ನೋಡಿದ. ಅಲ್ಲಿ ತಿರುಗಲು ಜಾಗವಿಲ್ಲ, ನಿನಗೆ ಗೊತ್ತು. ಕೋಲು ಊರಿಕೊಂಡು, ಹಾಲಿನ ಬಾಗಿಲು ತಲುಪುವವರೆಗೂ ಹಿಂದು ಹಿಂದಾಗಿಯೇ ನಡೆದ.

ನಿನ್ನ
ಅಮ್ಮ